ದಿಡ್ಡಿ ಬಾಗಿಲಿನ ಕಥೆ: ಗೋಲ್ಕೊಂಡದ ಪತನವನ್ನು ನಾವು ಓದುವ ಬಗೆ

ಹೈದರಾಬಾದಿನ ಗೋಲ್ಕೊಂಡ ಕೋಟೆ ನೋಡಿ ಬಂದ ಯಾರನ್ನು ಕೇಳಿದರೂ ಎರಡು ಸಂಗತಿ ಹೇಳುತ್ತಾರೆ. ಕೆಳಗೆ ಬಾಲಾ ಹಿಸ್ಸಾರ್ ದರ್ವಾಜಾದ ಕಮಾನಿನಡಿ ನಿಂತು ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯಲ್ಲಿ ಕೇಳಿಸುತ್ತದೆ ಅನ್ನೋದು ಒಂದು. ಎಂಟು ತಿಂಗಳು ಔರಂಗಜೇಬನ ಸೈನ್ಯ ಸುತ್ತುವರಿದರೂ ಬೀಳದ ಕೋಟೆ ಒಬ್ಬ ಗದ್ದಾರ್‌ನಿಂದ ಬಿತ್ತು ಅನ್ನೋದು ಇನ್ನೊಂದು. ಮೊದಲನೆಯದನ್ನು ಯಾರು ಬೇಕಾದರೂ ತಟ್ಟಿ ಪರೀಕ್ಷಿಸಬಹುದು. ಎರಡನೆಯದನ್ನು ಹಾಗೆ ತಟ್ಟಿ ನೋಡುವ ಕೆಲಸ ನಮ್ಮಲ್ಲಿ ಆಗಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಮಕ್ಕಳಿಗೆ ದಾಟಿಸುತ್ತಾ ಬಂದಿದ್ದೇವೆ.

1687ರ ಸೆಪ್ಟೆಂಬರ್ 21ರ ನಸುಕಿನಲ್ಲಿ ಅಬ್ದುಲ್ಲಾ ಖಾನ್ ಪನ್ನಿ ಎಂಬ ಅಫ್ಘಾನ್ ಸರದಾರ ಕೋಟೆಯ ದಿಡ್ಡಿ ಬಾಗಿಲನ್ನು ಒಳಗಿನಿಂದ ತೆರೆದಿಟ್ಟ. ರೂಹುಲ್ಲಾ ಖಾನನ ಜನ ಒಳನುಗ್ಗಿದರು. ಇದು ನಡೆದ ಸಂಗತಿ, ಇದರಲ್ಲಿ ತಕರಾರಿಲ್ಲ. ನನ್ನ ತಕರಾರು ಇರುವುದು ಈ ಒಂದು ಬಾಗಿಲಿನಿಂದ ನಾವು ಕಟ್ಟಿಕೊಂಡ ದೊಡ್ಡ ಕಥೆಯ ಬಗ್ಗೆ. ಗೋಲ್ಕೊಂಡಕ್ಕೆ ಅಬ್ದುಲ್ಲಾ ಪನ್ನಿ, ಪ್ಲಾಸಿಗೆ ಮೀರ್ ಜಾಫರ್, ಶ್ರೀರಂಗಪಟ್ಟಣಕ್ಕೆ ಮೀರ್ ಸಾದಿಕ್. ಇಕ್ಬಾಲರು 'ಜಾವೀದ್ ನಾಮಾ'ದಲ್ಲಿ ಕೊನೆಯ ಇಬ್ಬರನ್ನು ನರಕವೂ ಒಲ್ಲದ ಆತ್ಮಗಳ ಸಾಲಿನಲ್ಲಿ ನಿಲ್ಲಿಸಿದ ಮೇಲಂತೂ ಈ ಕಥೆಗೆ ಕಾವ್ಯದ ಮುದ್ರೆಯೂ ಬಿತ್ತು. ಜಲಸಾಗಳಲ್ಲಿ, ಭಾಷಣಗಳಲ್ಲಿ, ಈಗ ಮೊಬೈಲ್ ವಿಡಿಯೋಗಳಲ್ಲಿ ಅದೇ ಮಾತು: ನಮ್ಮ ಕೋಟೆ ಗಟ್ಟಿ, ನಮ್ಮ ತೋಪು ದೊಡ್ಡದು, ನಮ್ಮ ಸುಲ್ತಾನ ಶೂರ, ಸೋತಿದ್ದು ಮಾತ್ರ ಉಂಡ ಮನೆಗೆ ಎರಡು ಬಗೆದ ಒಬ್ಬನಿಂದ. ಈ ಕಥೆ ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ, ಕೊನೆಗೆ ಯಾರ ಮೈಮೇಲೆ ಬೀಳುತ್ತದೆ ಅಂತ ನೋಡೋಣ.

ಮೊದಲು ಕೋಟೆಯನ್ನೇ ಓದೋಣ

ಕೋಟೆ ಅಂದ್ರೆ ಕಟ್ಟಿದವರ ಭಯದ ದಾಖಲೆ. ಯಾವ ದಿಕ್ಕಿನಿಂದ ಏನು ಬರಬಹುದು ಅಂತ ಅವರು ಹೆದರಿದ್ದರೋ ಅದೆಲ್ಲ ಕಲ್ಲಿನಲ್ಲಿ ಕಾಣುತ್ತದೆ. ಗೋಲ್ಕೊಂಡದ ಹೊರಗೋಡೆಗೆ 87 ಬುರುಜು, 8 ದರ್ವಾಜಾ ಅಂತ ಲೆಕ್ಕ. ದೊಡ್ಡ ಬಾಗಿಲುಗಳ ಮೇಲೆ ಕಬ್ಬಿಣದ ಮೊಳೆಗಳಿವೆ, ಆನೆ ಹಣೆಯಿಂದ ಗುದ್ದದಿರಲಿ ಅಂತ. ಬಾಲಾ ಹಿಸ್ಸಾರ್ ದರ್ವಾಜಾದ ಎದುರಿಗೆ ಅಡ್ಡಗೋಡೆಯೊಂದಿದೆ. ನೇರವಾಗಿ ಓಡಿಬಂದು ಬಾಗಿಲಿಗೆ ಡಿಕ್ಕಿ ಹೊಡೆಯಲು ಜಾಗವೇ ಇಲ್ಲ, ಬಂದವರು ತಿರುಗಲೇಬೇಕು, ತಿರುಗಿದಾಗ ಮಗ್ಗುಲು ಮೇಲಿನವರಿಗೆ ಸಿಗುತ್ತದೆ. ಇದೆಲ್ಲ ಆನೆ, ಕುದುರೆ, ಬಿಲ್ಲು, ಏಣಿಗಳ ಕಾಲದ ಬುದ್ಧಿ.

ತೋಪುಗಳು ಬಲವಾದ ಮೇಲೆ ಕೋಟೆ ಹೇಗೆ ಬದಲಾಯಿತು ಅನ್ನೋದೂ ಅಲ್ಲೇ ಇದೆ. 1656ರಲ್ಲಿ ಔರಂಗಜೇಬ ಇನ್ನೂ ಶಹಜಾದಾ, ದಖ್ಖನಿನ ಸುಬೇದಾರ. ಆಗಲೇ ಅವನು ಗೋಲ್ಕೊಂಡಕ್ಕೆ ಮುತ್ತಿಗೆ ಹಾಕಿದ್ದ, ಶಹಜಹಾನನ ಅಪ್ಪಣೆಯಿಂದ ಹಿಂದೆ ಸರಿಯಬೇಕಾಯಿತು. ಆ ಮುತ್ತಿಗೆಯಿಂದ ಅಬ್ದುಲ್ಲಾ ಕುತುಬ್ ಶಾಹ ಪಾಠ ಕಲಿತ. ಈಶಾನ್ಯದ ಎತ್ತರದ ಜಾಗ ಶತ್ರುವಿನ ತೋಪಿಗೆ ಸಿಕ್ಕಬಾರದು ಅಂತ ಅದನ್ನೂ ಗೋಡೆಯೊಳಗೆ ಸೇರಿಸಿ 'ನಯಾ ಕಿಲ್ಲಾ' ಕಟ್ಟಿಸಿದ. 1666ರಲ್ಲಿ ಮೂಸಾ ಖಾನನ ಮೇಲ್ವಿಚಾರಣೆಯಲ್ಲಿ ಮೂಸಾ ಬುರುಜು ಎದ್ದಿತು. ಅಂದರೆ 1687ರಲ್ಲಿ ಔರಂಗಜೇಬನ ಎದುರಿಗಿದ್ದ ಕೋಟೆಯ ಒಂದು ಭಾಗವನ್ನು ಕಟ್ಟಿಸಿದ್ದು ಅವನದೇ ಹಿಂದಿನ ಮುತ್ತಿಗೆ.

ತೋಪುಗಳ ಕಥೆ ಇನ್ನೂ ವಿಚಿತ್ರ. ಇವತ್ತು ಗೋಲ್ಕೊಂಡದ ಪೇಟ್ಲಾ ಬುರುಜಿನ ಮೇಲೆ ನಿಂತಿರುವ 'ಫತೇ ರಹಬರ್' ತೋಪನ್ನು ಕುತುಬ್ ಶಾಹಿಗಳದ್ದು ಅಂತ ತಿಳಿದು ಹುಡುಗರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರ ಮೇಲಿನ ಬರಹದಲ್ಲಿರುವುದು ಔರಂಗಜೇಬನ ಹೆಸರು, ಎರಕ ಹೊಯ್ದ ಮುಹಮ್ಮದ್ ಅಲಿ ಅರಬ್‌ನ ಹೆಸರು. ಗೋಡೆ ಒಡೆಯಲು ಬಂದ ತೋಪು ಗೋಡೆ ಕಾಯುವ ಜಾಗದಲ್ಲಿ ಕೂತಿದೆ. ನಮ್ಮ ವಿಜಯಪುರದ ಶೇರ್ಜಾ ಬುರುಜಿನ 'ಮಲಿಕ್-ಎ-ಮೈದಾನ್' ಕೂಡ ಹೀಗೇ ಕೈ ಬದಲಿಸಿದ್ದು. 1549ರಲ್ಲಿ ಅಹಮದ್‌ನಗರದ ನಿಜಾಮ್ ಶಾಹನಿಗಾಗಿ ಮುಹಮ್ಮದ್ ಬಿನ್ ಹಸನ್ ರೂಮಿ ಅದನ್ನು ಎರಕ ಹೊಯ್ದ. 55 ಟನ್ ತೂಕದ ಆ ತೋಪನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಬಿಜಾಪುರಕ್ಕೆ ಎಳೆದು ತಂದರು. ಬಿಜಾಪುರ ಗೆದ್ದ ಮೇಲೆ ಔರಂಗಜೇಬ ತನ್ನ ವಿಜಯದ ಬರಹವನ್ನೂ ಅದರ ಮೇಲೆ ಕೆತ್ತಿಸಿದ. 1854ರಲ್ಲಿ ಇಂಗ್ಲಿಷರು ಅದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ, ಪುಣ್ಯಕ್ಕೆ ಹರಾಜು ರದ್ದಾಯಿತು. ನಾಲ್ಕು ಒಡೆಯರನ್ನು ಕಂಡ ಈ ತೋಪಿನ ವಫಾದಾರಿ ಯಾರಿಗೆ? 'ನಮ್ಮ ತೋಪು' ಅನ್ನುವಾಗ ಆ 'ನಾವು' ಯಾರು ಅಂತ ಒಮ್ಮೆ ಕೇಳಿಕೊಳ್ಳಬೇಕು.

ಎಂಟು ತಿಂಗಳ ಒಳಗೆ

ಮುತ್ತಿಗೆಯ ವಿವರ ನಮಗೆ ಮುಖ್ಯವಾಗಿ ಮೂರು ಪಾರ್ಸಿ ಬರಹಗಳಿಂದ ಸಿಗುತ್ತದೆ. ಸಾಕಿ ಮುಸ್ತೈದ್ ಖಾನನ 'ಮಆಸಿರ್-ಎ-ಆಲಂಗೀರಿ', ಖಾಫಿ ಖಾನನ 'ಮುಂತಖಬ್-ಉಲ್-ಲುಬಾಬ್', ಮತ್ತು ನಿಅಮತ್ ಖಾನ್ ಆಲಿಯ 'ವಕಾಯಿ'. ಆಧುನಿಕ ಇತಿಹಾಸಕಾರರು, ಜದುನಾಥ ಸರ್ಕಾರರೂ ಸೇರಿ, ಇವುಗಳ ಮೇಲೆಯೇ ನಿಂತವರು. ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ಗದ್ದಾರ್ ಕಥೆ ತಾನಾಗಿ ಸಡಿಲವಾಗುತ್ತದೆ.

ಯಾಕೆಂದರೆ ಅಬ್ದುಲ್ಲಾ ಪನ್ನಿಗಿಂತ ಮೊದಲೇ ಹೋದವರ ಸಾಲು ಉದ್ದವಿದೆ. 1685ರಲ್ಲಿ ಗೋಲ್ಕೊಂಡದ ಮುಖ್ಯ ಸೇನಾಪತಿ ಮೀರ್ ಮುಹಮ್ಮದ್ ಇಬ್ರಾಹಿಂ ಮೊಘಲರ ಕಡೆ ಸೇರಿದ. ಹೈದರಾಬಾದ್ ಊರು ಆಗಲೇ ಲೂಟಿಯಾಯಿತು, ಸುಲ್ತಾನ ಅಬುಲ್ ಹಸನ್ ತಾನಾ ಶಾಹ ಕೋಟೆ ಸೇರಿದ. ಮುತ್ತಿಗೆ ನಡೆಯುತ್ತಿದ್ದಾಗಲೇ ಶೇಖ್ ನಿಜಾಮ್ ಎಂಬ ದೊಡ್ಡ ಸರದಾರ ಹೋದ. ಮುಂದೆ 1689ರಲ್ಲಿ ಸಂಭಾಜಿಯನ್ನು ಸೆರೆಹಿಡಿದವನು ಇವನೇ, ಮುಕರ್ರಬ್ ಖಾನ್ ಎಂಬ ಬಿರುದಿನಲ್ಲಿ. ಅಬ್ದುಲ್ಲಾ ಪನ್ನಿಯೂ ಮೂಲತಃ ಬಿಜಾಪುರದ ನೌಕರಿಯಲ್ಲಿದ್ದವನು, ಅಲ್ಲಿಂದ ಬಂದವನು. ಅತ್ತ ಮೊಘಲ್ ಡೇರೆಯಲ್ಲೂ ಇದೇ ಕಥೆ. 1687ರ ಫೆಬ್ರವರಿಯಲ್ಲಿ, ಮುತ್ತಿಗೆ ಶುರುವಾದ ಕೆಲವೇ ದಿನಗಳಲ್ಲಿ, ಔರಂಗಜೇಬ ತನ್ನ ಹಿರಿಯ ಮಗ ಶಾಹ್ ಆಲಂನನ್ನೇ ಸೆರೆಯಲ್ಲಿಟ್ಟ. ತಾನಾ ಶಾಹನ ಜೊತೆ ಗುಟ್ಟಾಗಿ ಪತ್ರ ವ್ಯವಹಾರ ಮಾಡಿದ ಅನ್ನೋದು ಆರೋಪ. ಅದಕ್ಕೂ ಮೊದಲೇ, ಮುಸಲ್ಮಾನ ರಾಜ್ಯಗಳ ಮೇಲಿನ ಈ ಯುದ್ಧಗಳಿಗೆ ಒಪ್ಪಿಗೆ ಕೊಡದ ಖಾಜಿ ಶೇಖುಲ್ ಇಸ್ಲಾಂ ಹುದ್ದೆಯನ್ನೇ ಬಿಟ್ಟು ಹೋಗಿದ್ದ. ಬಾದಶಾಹನ ಸ್ವಂತ ಮಗ ಗದ್ದಾರ್, ಸುಲ್ತಾನನ ಸೇನಾಪತಿ ಗದ್ದಾರ್ ಅಂತ ಎಣಿಸುತ್ತಾ ಹೋದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಆ ಕಾಲದ ಸರದಾರಿಕೆ ನಡೆಯುತ್ತಿದ್ದದ್ದೇ ಹಾಗೆ. ಮನ್ಸಬ್ ಯಾರು ಹೆಚ್ಚು ಕೊಡುತ್ತಾರೆ, ಸಂಬಳ ಯಾರ ಖಜಾನೆಯಿಂದ ಸರಿಯಾಗಿ ಬರುತ್ತದೆ ಅನ್ನೋದರ ಮೇಲೆ.

ಗದ್ದಾರ್ ಇದ್ದ ಮೇಲೆ ಕಥೆಗೆ ಒಬ್ಬ ವಫಾದಾರನೂ ಬೇಕಲ್ಲ. ಆ ಪಾತ್ರ ಅಬ್ದುಲ್ ರಜ್ಜಾಕ್ ಲಾರಿಯದು. ಖಾಫಿ ಖಾನ್ ಇವನನ್ನು ಮನಸಾರೆ ಬರೆದಿದ್ದಾನೆ. ಔರಂಗಜೇಬನಿಂದ ಬಂದ ಆಮಿಷದ ಫರ್ಮಾನನ್ನು ಎಲ್ಲರೆದುರು ಹರಿದು ಹಾಕಿದವನು. ಕೊನೆಯ ರಾತ್ರಿ ಸಿಕ್ಕ ಕುದುರೆ ಹತ್ತಿ, ಕೈಲಿದ್ದ ಕತ್ತಿ ಹಿಡಿದು ನುಗ್ಗಿದವನು. ಮೈಮೇಲೆ ಎಪ್ಪತ್ತು ಗಾಯ. ಔರಂಗಜೇಬನೇ ಮೆಚ್ಚಿ ಇಬ್ಬರು ಶಸ್ತ್ರವೈದ್ಯರನ್ನು ಕಳಿಸಿದ, ಒಬ್ಬ ಯುರೋಪಿನವನು, ಇನ್ನೊಬ್ಬ ಹಿಂದೂ. ಕಥೆಯನ್ನು ನಾವು ಇಲ್ಲಿಗೇ ನಿಲ್ಲಿಸುತ್ತೇವೆ, ಕಣ್ಣಲ್ಲಿ ನೀರು ತುಂಬಿಕೊಂಡು. ಆದರೆ ಲಾರಿ ಬದುಕಿಕೊಂಡ. ಮೊದಲು ಒಲ್ಲೆನೆಂದರೂ ಆಮೇಲೆ ಅದೇ ಬಾದಶಾಹನ ಸೇವೆಗೆ ಸೇರಿ ಕೊಂಕಣದಲ್ಲಿ ಫೌಜುದಾರನಾದ. ಇದರಿಂದ ಆ ರಾತ್ರಿಯ ಅವನ ಶೌರ್ಯ ಸಣ್ಣದಾಗುವುದಿಲ್ಲ. ಉಪ್ಪಿನ ಋಣ ತೀರಿಸಿದ, ಆ ಮನೆ ಇಲ್ಲವಾದ ಮೇಲೆ ಇನ್ನೊಂದು ಮನೆಯ ಉಪ್ಪು ಉಂಡ. ಅವನ ಕಾಲದವರಿಗೆ ಇದರಲ್ಲಿ ವಿರೋಧ ಕಂಡಿರಲಿಲ್ಲ. ಕಪ್ಪು ಬಿಳುಪಿನ ಕಥೆ ಬೇಕಾಗಿರುವುದು ನಮಗೆ.

ಹಾಗಾದರೆ ಎಂಟು ತಿಂಗಳು ಅಲ್ಲಿ ನಿಜವಾಗಿ ನಡೆದದ್ದೇನು? ಹಸಿವು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಧಾನ್ಯವಿರಲಿಲ್ಲ. ಜೂನ್ ಬಂದ ಮೇಲೆ ಬಿಡದ ಮಳೆ. ಹೊಳೆ ತುಂಬಿ ದಾರಿ ಕಡಿದು ಹೋದವು, ಗಾಡಿಗಳು ನಿಂತವು, ರೋಗ ಬಂತು. ಹೈದರಾಬಾದಿನ ಬೀದಿಗಳಲ್ಲಿ ಹೆಣ ಎತ್ತುವವರಿರಲಿಲ್ಲ ಅನ್ನುವಂಥ ಚಿತ್ರವನ್ನು ವೃತ್ತಾಂತಕಾರರು ಕೊಡುತ್ತಾರೆ. ಕೋಟೆಯೊಳಗೆ ಮದ್ದು, ಧಾನ್ಯ ಎರಡೂ ಸಾಕಷ್ಟಿತ್ತು. ಮುತ್ತಿದವರೇ ಉಪವಾಸ ಬೀಳುವ ಪರಿಸ್ಥಿತಿ. ಸೆರೆಸಿಕ್ಕ ಮೊಘಲ್ ಅಧಿಕಾರಿಗಳಿಗೆ ತಾನಾ ಶಾಹ ತನ್ನ ಉಗ್ರಾಣ ತೋರಿಸಿ, ಉಡುಗೊರೆ ಕೊಟ್ಟು ವಾಪಸ್ ಕಳಿಸಿದ. ಅದೂ ಯುದ್ಧದ ಒಂದು ಆಯುಧವೇ.

ಕಂದಕ ತುಂಬಿಸಲು ಮಣ್ಣಿನ ಚೀಲ ಹೊಲಿಯುವಾಗ ಔರಂಗಜೇಬ ವುಜೂ ಮಾಡಿ ಬಂದು ಮೊದಲ ಚೀಲವನ್ನು ತಾನೇ ಹೊಲಿದ. ಕಂದಕ ಮಾತ್ರ ತುಂಬಲಿಲ್ಲ. ಮೇ ತಿಂಗಳ ಒಂದು ರಾತ್ರಿ ಹಗ್ಗದ ಏಣಿ ಹಾಕಿ ಹತ್ತಿದವರನ್ನು ಒಂದು ಬೀದಿ ನಾಯಿ ಬೊಗಳಿ ಹಿಡಿಸಿತು, ಸುಲ್ತಾನ ಅದಕ್ಕೆ ಚಿನ್ನದ ಸರಪಳಿ ಹಾಕಿಸಿದ ಅನ್ನುವ ಕಥೆಯೂ ಇದೆ. ಜೂನ್‌ನಲ್ಲಿ ಗೋಡೆಯಡಿ ಸುರಂಗ ತೋಡಿ ಮದ್ದು ತುಂಬಿದರು. ಒಳಗಿನವರು ಸದ್ದಿನಿಂದಲೇ ಜಾಗ ಗುರುತಿಸಿ ಎದುರು ಸುರಂಗ ತೋಡಿ ಒಂದಷ್ಟು ಮದ್ದು ಕದ್ದು ಹೊರತೆಗೆದರು, ಉಳಿದದ್ದಕ್ಕೆ ನೀರು ಹಾಯಿಸಿದರು. ಬತ್ತಿ ಹಚ್ಚಿದಾಗ ಸ್ಫೋಟ ಹೊರಗಡೆಗೇ ತಿರುಗಿತು. ಸತ್ತವರು ನುಗ್ಗಲು ಸಾಲುಗಟ್ಟಿ ನಿಂತಿದ್ದ ಮೊಘಲ್ ಸಿಪಾಯಿಗಳು, ಸಾವಿರಕ್ಕೂ ಮೇಲೆ. ಆ ಕತ್ತಲಲ್ಲಿ, ತಲೆಯ ಮೇಲೆ ಯಾವಾಗ ಸಿಡಿಯುತ್ತದೋ ತಿಳಿಯದ ಮದ್ದಿನ ಕೆಳಗೆ ಮಣ್ಣು ಅಗೆದವರು ಯಾರು? ಅವರಲ್ಲಿ ಒಬ್ಬನ ಹೆಸರೂ ನಮಗೆ ಉಳಿದಿಲ್ಲ. ನಾಯಿಯ ಸರಪಳಿಯ ಲೋಹ ಯಾವುದೆಂದು ಗೊತ್ತು, ಇವರ ಹೆಸರು ಗೊತ್ತಿಲ್ಲ. ಮೂರೂ ವೃತ್ತಾಂತಗಳ ದೊಡ್ಡ ಕೊರತೆ ಇದು. ಗದ್ದಾರ್ ಕಥೆ ಹೇಳುವಾಗ ನಾವು ಅದೇ ಕೊರತೆಯನ್ನು ಮುಂದುವರಿಸುತ್ತಿದ್ದೇವೆ.

ನಗುವ ಸಾಕ್ಷಿ

ಮೂವರಲ್ಲಿ ನಾನು ಹೆಚ್ಚು ನಂಬುವುದು ನಿಅಮತ್ ಖಾನ್ ಆಲಿಯನ್ನು. ಇದು ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದು. ಯಾಕೆಂದರೆ ಅವನದು ಇತಿಹಾಸದ ಪುಸ್ತಕ ಅಲ್ಲ, ಗದ್ಯ ಪದ್ಯ ಬೆರೆಸಿದ ವಿಡಂಬನೆ. ಮೂಲ ಹೆಸರು ಮಿರ್ಜಾ ಮುಹಮ್ಮದ್, ಶೀರಾಜಿನ ಹಕೀಮರ ಮನೆತನ, ಶಿಯಾ. ಮೊಘಲರ ಸಂಬಳ ತಿನ್ನುತ್ತಾ, ಮೊಘಲ್ ಡೇರೆಯಲ್ಲೇ ಇದ್ದು, ಶಿಯಾ ಸುಲ್ತಾನನ ಕೋಟೆ ಕೆಡವಲು ಹೊರಟ ತನ್ನವರನ್ನೇ ಗೇಲಿ ಮಾಡಿದ. ಮುಂದೆ ಬಾದಶಾಹಿ ಅಡುಗೆಮನೆಯ ಮೇಲ್ವಿಚಾರಣೆ ಸಿಕ್ಕಿತು, 'ನಿಅಮತ್ ಖಾನ್' ಎಂಬ ಬಿರುದು ಬಂದದ್ದು ಆ ದಾರಿಯಿಂದ.

ಮಆಸಿರ್ ದರ್ಬಾರಿನ ದಾಖಲೆ. ಅಲ್ಲಿ ಬಾದಶಾಹ ತಪ್ಪುವುದಿಲ್ಲ, ಕೊನೆಗೆ ಗೆಲ್ಲುವುದು ದೈವ ನಿಶ್ಚಯ. ಖಾಫಿ ಖಾನ್ ಬರೆದದ್ದು ಸುಮಾರು ನಾಲ್ಕೈದು ದಶಕದ ನಂತರ. ಅಷ್ಟರಲ್ಲಿ ಮೊಘಲ್ ರಾಜ್ಯವೇ ಸೊರಗಿತ್ತು, ಹಾಗಾಗಿ ಅವನಿಗೆ ಹಿಂದಿನ ಕಾಲದ ನಿಷ್ಠೆಯ ಮಾದರಿಗಳು ಬೇಕಿದ್ದವು. ಲಾರಿಯ ಚಿತ್ರ ಅಷ್ಟು ಎತ್ತರಕ್ಕೆ ನಿಲ್ಲಲು ಅದೂ ಕಾರಣ ಅಂತ ನನ್ನ ಊಹೆ. ನಿಅಮತ್ ಖಾನನಿಗೆ ಈ ಎರಡೂ ಹೊರೆ ಇಲ್ಲ. ಅವನ ಕಣ್ಣು ಬೀಳುವುದು ಮುಂದೆ ಸರಿಯದ ಮೋರ್ಚಾಗಳ ಮೇಲೆ, ತಿರುಗುಬಾಣವಾದ ಸುರಂಗದ ಮೇಲೆ, ಬಡಾಯಿ ಕೊಚ್ಚುವ ಸರದಾರರ ಮೇಲೆ, ಹೊಟ್ಟೆಯ ಮೇಲೆ. ಯುದ್ಧದ ಭಾಷೆಯನ್ನೇ ತಿರುಗಿಸಿ ಬಳಸಿ ನಗಿಸುತ್ತಾನೆ. ಬಾದಶಾಹನ ಫೌಜು ದೊಡ್ಡದೆನ್ನುವ ಮಾತಿನಲ್ಲೇ ಅದಕ್ಕೆ ಊಟ ಹಾಕುವುದು ಯಾರು ಅನ್ನುವ ಪ್ರಶ್ನೆಯನ್ನೂ ಕೇಳಿಸುತ್ತಾನೆ.

ಅವನಲ್ಲಿ ದೋಷಗಳಿಲ್ಲ ಅಂತಲ್ಲ. ಶ್ಲೇಷೆಯ ಮೇಲೆ ಶ್ಲೇಷೆ ಹೇರಿ ಅರ್ಥ ಬಿಡಿಸಲು ಟಿಪ್ಪಣಿ ಬೇಕಾಗುವಷ್ಟು ಗಂಟು ಹಾಕುತ್ತಾನೆ. ಹಿಂದೆ ಪಾರ್ಸಿ ಕಲಿಯುವ ಹುಡುಗರಿಗೆ 'ವಕಾಯಿ' ಪಠ್ಯವಾಗಿತ್ತು. ಪದ ಚಮತ್ಕಾರ ಕಲಿಯಲಿ ಅಂತ ಅದನ್ನು ಓದಿಸಿದರು, ಅದರೊಳಗಿನ ಯುದ್ಧದ ಟೀಕೆ ಹಾಗೇ ಉಳಿಯಿತು. ಹೆಸರಿಲ್ಲದ ಸಿಪಾಯಿಗೆ ಅವನ ಪುಸ್ತಕದಲ್ಲೂ ಹೆಸರಿಲ್ಲ. ಆದರೂ ತನ್ನ ಪಕ್ಷ ಗೆಲ್ಲುತ್ತಿರುವಾಗ ತನ್ನ ಪಕ್ಷವನ್ನು ನೋಡಿ ನಗುವ ಧೈರ್ಯ ಸಣ್ಣದಲ್ಲ. ಅವನನ್ನು ಯಾರೂ ಗದ್ದಾರ್ ಅಂತ ಗಲ್ಲಿಗೇರಿಸಲಿಲ್ಲ, ಔರಂಗಜೇಬ ನೌಕರಿಯಲ್ಲೇ ಇಟ್ಟುಕೊಂಡ. ಈ ಸಂಗತಿಯನ್ನು ಇಂದಿನ ಲೇಖಕರು ಒಂದು ಕಡೆ ಬರೆದಿಟ್ಟುಕೊಳ್ಳಬೇಕು.

ಸಂಬಳದ ಲೆಕ್ಕ

ಗೋಲ್ಕೊಂಡಕ್ಕೆ ಒಂದು ವರ್ಷ ಮೊದಲು, 1686ರ ಸೆಪ್ಟೆಂಬರ್‌ನಲ್ಲಿ, ಬಿಜಾಪುರ ಶರಣಾಯಿತು. ಹದಿನೇಳು ತಿಂಗಳ ಮುತ್ತಿಗೆ. ಅಲ್ಲಿ ಬಾಗಿಲು ತೆರೆದ ಗದ್ದಾರ್ ಇಲ್ಲ, ಹಸಿದು ಸೋತ ಊರು ಮಾತ್ರ ಇದೆ. ಅದಕ್ಕೇ ಇರಬೇಕು, ಬಿಜಾಪುರದ ಪತನದ ಕಥೆ ನಮ್ಮಲ್ಲಿ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಹಸಿವಿಗೆ ಖಳನಾಯಕನ ಮುಖ ಇರುವುದಿಲ್ಲ.

ಹೈದರಾಬಾದಿನಲ್ಲೇ ಇನ್ನೊಂದು ಉದಾಹರಣೆ ಇದೆ. ಅಬಿಡ್ಸ್ ಹತ್ತಿರ 'ಗನ್‌ಫೌಂಡ್ರಿ' ಅಂತ ಬಸ್ ಕಂಡಕ್ಟರ್ ಕೂಗುವ ಜಾಗ ಮೊದಲು 'ತೋಪ್ ಕಾ ಸಾಂಚಾ'. ನಿಜಾಮ್ ಅಲಿ ಖಾನನ ಫ್ರೆಂಚ್ ಸೇನಾಧಿಕಾರಿ ರೇಮಾಂಡ್ 1795ರಲ್ಲಿ ಅಲ್ಲಿ ತೋಪು ಎರಕ ಹೊಯ್ಯುವ ಕಾರ್ಖಾನೆ ಶುರು ಮಾಡಿದ. ಅವನ ಕೈಕೆಳಗೆ ಯುರೋಪಿನ ಕವಾಯತು ಕಲಿತ ಸುಮಾರು 14,000 ಸಿಪಾಯಿಗಳಿದ್ದರು. ಇಂಗ್ಲಿಷರಿಗೆ ನಿದ್ದೆ ಕೆಡಿಸಿದ ಪಡೆ ಅದು. 1798ರ ಮಾರ್ಚ್‌ನಲ್ಲಿ ರೇಮಾಂಡ್ ಸತ್ತ. ಅಕ್ಟೋಬರ್‌ನಲ್ಲಿ ಆ ಇಡೀ ಪಡೆ ಒಂದು ಗುಂಡೂ ಹಾರಿಸದೆ ಇಂಗ್ಲಿಷರಿಗೆ ಆಯುಧ ಒಪ್ಪಿಸಿತು. ಕಾರಣ ಏನು? ಬಾಕಿ ಸಂಬಳ. ಸಿಪಾಯಿಗಳು ತಮ್ಮ ಹೊಸ ಫ್ರೆಂಚ್ ಅಧಿಕಾರಿಯನ್ನೇ ಹಿಡಿದು ಕೂರಿಸಿದ್ದರು. ಬಾಕಿ ತೀರಿಸುತ್ತೇವೆ ಅಂದಾಗ ಬಂದೂಕು ಕೆಳಗಿಟ್ಟರು. ಏಳು ತಿಂಗಳ ನಂತರ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಾಗ ನಿಜಾಮನ ಸೈನ್ಯ ಇಂಗ್ಲಿಷರ ಜೊತೆಗಿತ್ತು, ಅದರ ಮುಂದಾಳು ಮೀರ್ ಆಲಂ.

ಮೀರ್ ಸಾದಿಕ್‌ನ ಕಥೆಯನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಗೋಡೆಯ ಬಿರುಕು ಕಾಯಬೇಕಿದ್ದ ಸಿಪಾಯಿಗಳನ್ನು ಸಂಬಳ ಹಂಚುವ ನೆಪದಲ್ಲಿ ಅವನು ಆ ಕಡೆ ಕರೆದ ಅಂತ ಜನ ಹೇಳುತ್ತಾರೆ. ನಮ್ಮ ಕಿವಿಗೆ 'ನೆಪ' ಮಾತ್ರ ಬೀಳುತ್ತದೆ. 'ಸಂಬಳ' ಅನ್ನುವ ಪದವೂ ಅದರಲ್ಲಿದೆ. ಗೋಡೆ ಒಡೆದಿರುವಾಗ, ಸಾವು ಎದುರಿಗಿರುವಾಗ, ಸಂಬಳ ಅಂದ ಕೂಡಲೇ ಸಿಪಾಯಿ ಜಾಗ ಬಿಟ್ಟು ಹೋದಾನು ಅಂತ ಜನ ನಂಬಿದರಲ್ಲ, ಅದರಲ್ಲಿ ಸಿಪಾಯಿಯ ಮನೆಯ ಸ್ಥಿತಿ ಇದೆ. ಗದ್ದಾರ್ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸೋಲಿನ ಎಲ್ಲ ಲೆಕ್ಕವನ್ನೂ ಅವನೊಬ್ಬನ ಖಾತೆಗೆ ಬರೆದರೆ ಧಾನ್ಯ, ಮದ್ದು, ಎತ್ತು, ಸಂಬಳ, ಒಳಜಗಳ ಎಲ್ಲವೂ ಮನ್ನಾ ಆಗಿಬಿಡುತ್ತವೆ. ರಾಜನಿಗೂ ಮನ್ನಾ.

ಅದೇ ಕಥೆ ತಿರುಗಿ ಬಂದಾಗ

ಈಗ ಈ ಕಥೆಯ ಇನ್ನೊಂದು ಮಗ್ಗುಲು. 1565ರ ಜನವರಿ 23ರಂದು ಕೃಷ್ಣಾ ತೀರದಲ್ಲಿ, ನಾವು ರಕ್ಕಸಗಿ-ತಂಗಡಗಿ ಅಂತಲೂ ತಾಳಿಕೋಟೆ ಅಂತಲೂ ಕರೆಯುವ ಯುದ್ಧದಲ್ಲಿ, ವಿಜಯನಗರ ಸೋತಿತು. ಎರಡು ವರ್ಷದ ನಂತರ ಅಲ್ಲಿಗೆ ಬಂದ ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸಲ್ಮಾನ ಸೇನಾಪತಿಗಳು ತಿರುಗಿ ಬಿದ್ದರು ಅಂತ ಬರೆದ. ಫೆರಿಷ್ತಾ ಈ ದ್ರೋಹದ ಮಾತೆತ್ತುವುದಿಲ್ಲ. ಅವನು ಹೇಳುವುದು ತೋಪಿನ ಸಂಗತಿ. ಅಹಮದ್‌ನಗರದ ಚೆಲೆಬಿ ರೂಮಿ ಖಾನ್ ಮೂರು ಸಾಲಿನಲ್ಲಿ ತೋಪು ನಿಲ್ಲಿಸಿ, ಹತ್ತಿರ ಬಂದವರ ಮೇಲೆ ತಾಮ್ರದ ನಾಣ್ಯದ ಚೀಲ ತುಂಬಿ ಹಾರಿಸಿದ ಕಥೆ. ಒಂದೇ ಯುದ್ಧಕ್ಕೆ ಎರಡು ವಿವರಣೆ. ಈಗ ನಮ್ಮ ಮೊಬೈಲುಗಳಲ್ಲಿ ಓಡಾಡುವುದು ಯಾವುದು ಅಂತ ನಿಮಗೆ ಗೊತ್ತು. 'ನಂಬಿ ಸೇನೆಯಲ್ಲಿ ಇಟ್ಟುಕೊಂಡರೆ ಹೀಗೇ ಆಗೋದು' ಅನ್ನುವ ಟಿಪ್ಪಣಿಯ ಜೊತೆಗೆ.

ಅದನ್ನು ಓದಿ ನಮಗೆ ನೋವಾಗುತ್ತದೆ, ಆಗಬೇಕು. ಗೋಲ್ಕೊಂಡದ ಕುತುಬ್ ಶಾಹಿ ಮನೆಯ ಇಬ್ರಾಹಿಂ ಅಣ್ಣನಿಗೆ ಹೆದರಿ ಏಳು ವರ್ಷ ಆಶ್ರಯ ಪಡೆದದ್ದು ಅದೇ ವಿಜಯನಗರದಲ್ಲಿ, ಅದೇ ರಾಮರಾಯನ ಬಳಿ. ಸುಲ್ತಾನನಾದ ಮೇಲೆ ಅದೇ ರಾಮರಾಯನ ವಿರುದ್ಧ ಯುದ್ಧಕ್ಕೆ ಹೋದ. ತಾನಾ ಶಾಹನ ಆಡಳಿತ ನಡೆಸುತ್ತಿದ್ದವರು ಮಾದಣ್ಣ, ಅಕ್ಕಣ್ಣ ಎಂಬ ಬ್ರಾಹ್ಮಣ ಸಹೋದರರು. 1686ರಲ್ಲಿ ಅವರನ್ನು ಗೋಲ್ಕೊಂಡದ ಬೀದಿಯಲ್ಲಿ ಕೊಂದದ್ದು ಅರಮನೆಯ ಪಿತೂರಿ. ಸೋಲು ಬರುತ್ತಿದೆ, ಯಾರನ್ನಾದರೂ ಕಾರಣ ಮಾಡಬೇಕಿತ್ತು. ಇಂಥ ನೆಲದಲ್ಲಿ ಧರ್ಮದ ಗೆರೆ ಎಳೆದು ಈಚೆ ನಿಷ್ಠರು, ಆಚೆ ದ್ರೋಹಿಗಳು ಅನ್ನಲು ಆಗೋದೇ ಇಲ್ಲ. ಆದರೆ ಮೀರ್ ಸಾದಿಕ್‌ನ ಕಥೆಯನ್ನು ಪರೀಕ್ಷೆಯಿಲ್ಲದೆ ಒಪ್ಪಿಕೊಂಡ ನಾವು ತಾಳಿಕೋಟೆಯ ಕಥೆಯನ್ನು ಪರೀಕ್ಷಿಸಿ ಅಂತ ಯಾವ ಬಾಯಲ್ಲಿ ಕೇಳೋಣ? ಎರಡರ ಸಾಂಚಾ ಒಂದೇ. ಗದ್ದಾರ್ ಅನ್ನುವ ಪದವನ್ನು ನಾವು ಚೂಪು ಮಾಡಿಟ್ಟಷ್ಟೂ ಅದು ನಮ್ಮ ಕಡೆಗೇ ತಿರುಗುತ್ತದೆ.

1948ರಲ್ಲಿ ಹೈದರಾಬಾದ್ ಇದನ್ನು ಕಣ್ಣಾರೆ ಕಂಡಿತು. ಆ ಆಗಸ್ಟ್‌ನಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಕೊಲೆಯಾದರು. ಹೈದರಾಬಾದ್ ಭಾರತಕ್ಕೆ ಸೇರಲಿ, ರಜಾಕಾರರ ಹಿಂಸೆ ನಿಲ್ಲಲಿ ಅಂತ ಬರೆದ ಯುವ ಪತ್ರಕರ್ತ. ರಜಾಕಾರರ ಕಣ್ಣಿಗೆ ಅವರು ಗದ್ದಾರ್. ಕೋಟೆ ಕೊತ್ತಲದ ವೈಭವ, ಆಸಫ್‌ಜಾಹಿ ಧ್ವಜ ಅಂತ ಭಾಷಣ ನಡೆಯುತ್ತಿದ್ದ ಹೊತ್ತಿನಲ್ಲಿ ನಿಜವಾದ ಲೆಕ್ಕ ಬೇರೆಯೇ ಇತ್ತು. ಸಿಡ್ನಿ ಕಾಟನ್ ಎಂಬ ವಿಮಾನಿ ಕರಾಚಿಯಿಂದ ಬೀದರ್, ವಾರಂಗಲ್‌ಗೆ ರಾತ್ರಿ ವಿಮಾನದಲ್ಲಿ ಆಯುಧ ಸಾಗಿಸುತ್ತಿದ್ದ, ಟ್ಯಾಂಕು, ವಿಮಾನಗಳ ಎದುರು ಅದು ಯಾವ ಲೆಕ್ಕಕ್ಕೂ ಇರಲಿಲ್ಲ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ಕದನ ವಿರಾಮ, 18ಕ್ಕೆ ಜನರಲ್ ಎಲ್ ಎದ್ರೂಸ್ ಶರಣಾದರು. ಆಮೇಲೆ ಮತ್ತೆ ಅದೇ ಹುಡುಕಾಟ, ದಿಡ್ಡಿ ಬಾಗಿಲು ತೆರೆದವನು ಯಾರು? ಪ್ರಧಾನಿಯಾಗಿದ್ದ ಲಾಯಕ್ ಅಲಿ ತಮ್ಮ ಪುಸ್ತಕದಲ್ಲಿ ಸೇನಾಧಿಪತಿಯ ಸಿದ್ಧತೆಯನ್ನು ದೂರಿದರು. ಎದ್ರೂಸ್ ತಮ್ಮ ಆತ್ಮಕಥನದಲ್ಲಿ ತಮ್ಮ ಪಕ್ಷ ಬರೆದರು.

ಆ ಜಗಳ ದೊಡ್ಡವರದ್ದು. ಬೆಲೆ ತೆತ್ತವರು ಯಾರು? ಮೊದಲು ರಜಾಕಾರರ ಕೈಯಲ್ಲಿ ಹಳ್ಳಿಹಳ್ಳಿಯ ಹಿಂದೂ ರೈತರು. ಆಮೇಲೆ, ಸೇನೆ ಬಂದ ದಿನಗಳಲ್ಲಿ ಮತ್ತು ನಂತರ, ಮುಸಲ್ಮಾನರು. ಪಂಡಿತ್ ಸುಂದರಲಾಲ್ ಸಮಿತಿ, ಖಾಜಿ ಅಬ್ದುಲ್ ಗಫಾರ್ ಕೂಡ ಅದರಲ್ಲಿದ್ದರು, ಕಡಿಮೆ ಅಂದರೂ 27,000ದಿಂದ 40,000 ಜನ ಸತ್ತಿರಬಹುದು ಅಂತ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು, ಬೀದರ್ ಮತ್ತು ಗುಲ್ಬರ್ಗಾ. ಇನ್ನೆರಡು ಉಸ್ಮಾನಾಬಾದ್, ನಾಂದೇಡ್. ಆ ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ. ಈ ಸತ್ತವರಿಗೆ ಕೋಟೆ ಇರಲಿಲ್ಲ, ತೋಪು ಇರಲಿಲ್ಲ. ಅವರ ಮೇಲೆ ಹೊರಿಸಿದ್ದು ಮಾತ್ರ ಅದೇ ಪದ.

ಆದ್ದರಿಂದ ಕಾಲೇಜಿನ ಹುಡುಗ ಹುಡುಗಿಯರಿಗೆ ನನ್ನದೊಂದು ಸಲಹೆ. ಗೋಲ್ಕೊಂಡಕ್ಕೆ ಹೋದಾಗ ಚಪ್ಪಾಳೆ ತಟ್ಟಿ, ತಪ್ಪೇನಿಲ್ಲ. ಫತೇ ದರ್ವಾಜಾದಲ್ಲಿ ನಿಂತು ಆ ಹೆಸರು ಯಾರ ಫತೇ ಅಂತ ಕೇಳಿಕೊಳ್ಳಿ. ಗೆದ್ದ ಮೊಘಲರ ಹೆಸರನ್ನು ಸೋತ ಊರು ಇಂದಿಗೂ ಕರೆಯುತ್ತಿದೆ. ಆಮೇಲೆ ಬಂಜಾರಾ ದರ್ವಾಜಾ ಎಲ್ಲಿದೆ ಅಂತ ವಿಚಾರಿಸಿ. ಟೂರಿಸ್ಟ್ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಎತ್ತಿನ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಎರಡೂ ಕಡೆಯ ಸೈನ್ಯಗಳಿಗೆ ಊಟ ಮುಟ್ಟಿಸುತ್ತಿದ್ದ ಬಂಜಾರರ ಹೆಸರಿನ ಬಾಗಿಲು ಅದು. ಅವರು ಬಂದರೆ ಕೋಟೆ ನಿಲ್ಲುತ್ತಿತ್ತು, ಮಳೆಗೆ ಸಿಕ್ಕಿ ತಡವಾದರೆ ಬಾದಶಾಹನ ಡೇರೆಯೂ ಉಪವಾಸ. ದಿಡ್ಡಿ ಬಾಗಿಲಿನ ಕಥೆ ಎಲ್ಲರಿಗೂ ಗೊತ್ತು. ಈ ಬಾಗಿಲಿನ ಕಥೆಯನ್ನು ಇನ್ನೂ ಯಾರೂ ಸರಿಯಾಗಿ ಬರೆದಿಲ್ಲ. ನಿಮ್ಮಲ್ಲಿ ಯಾರಾದರೂ ಬರೆಯಿರಿ.